ಗಂಡಸರು, ಬಟ್ಟೆ ಒಗೆತ ಮತ್ತು ಘಮ: ಆ ಬಾಟಲಿಗಳ ಒಳಗೆ ಇರೋದೇನು?

ಡಿಟರ್ಜೆಂಟ್ ಸಾಲಿನ ಮುಂದೆ ನಿಂತು, ಮುಚ್ಚಳ ತೆಗೆದು, ಒಂದೊಂದೇ ಬಾಟಲಿ ಮೂಸಿ ನೋಡುವ ಗಂಡಸರು ಈಗ ಅಪರೂಪವೇನಲ್ಲ. ಮೊದಲೂ ಗಂಡಸರು ಸೋಪಿನ ಪುಡಿ ತರುತ್ತಿದ್ದರು ನಿಜ. ಆದರೆ ಅದು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ತಂದುಕೊಡುವ ಕೆಲಸ. ಈಗ ಆರಿಸುವವರೂ ಅವರೇ, ಒಗೆಯುವವರೂ ಅವರೇ. ಯಾವ ಘಮ ಎಷ್ಟು ದಿನ ನಿಲ್ಲುತ್ತದೆ, ಯಾವ ಸಾಫ್ಟನರ್ ಜೊತೆ ಯಾವ ಸೆಂಟು ಹೊಂದುತ್ತದೆ ಎಂದು ಆನ್‌ಲೈನಿನಲ್ಲಿ ಗಂಟೆಗಟ್ಟಲೆ ಚರ್ಚೆ ಮಾಡುವವರೂ ಇದ್ದಾರೆ. ಕಂಪನಿಗಳು ಇದನ್ನು ಗಮನಿಸದೆ ಇರುತ್ತವೆಯೇ? ಹೂವಿನ ಚಿತ್ರದ ಗುಲಾಬಿ ಬಾಟಲಿಗಳ ಪಕ್ಕದಲ್ಲಿ ಕಪ್ಪು, ಕಡುನೀಲಿ ಬಾಟಲಿಗಳು ಬಂದು ಕೂತಿವೆ. ಮೇಲೆ ಶ್ರೀಗಂಧ, ದೇವದಾರು, ಕಡಲಗಾಳಿ ಅಂತೆಲ್ಲ ಹೆಸರು.

ಹೊಸದಾಗಿ ಈ ಕೆಲಸಕ್ಕೆ ಕೈ ಹಾಕಿದವರಿಗೆ ಎಲ್ಲ ಬಾಟಲಿಗಳೂ ಒಂದೇ ಥರ ಕಾಣುತ್ತವೆ. ಡಿಟರ್ಜೆಂಟ್, ಸಾಫ್ಟನರ್, ಕಂಡಿಷನರ್, ಸೆಂಟ್ ಬೂಸ್ಟರ್, ಪಾಡ್ (ಒಂದು ಸಲಕ್ಕೆ ಬೇಕಾದಷ್ಟು ಡಿಟರ್ಜೆಂಟ್ ತುಂಬಿದ, ನೀರಿನಲ್ಲಿ ಕರಗುವ ಪುಟ್ಟ ಚೀಲ). ಇವುಗಳಲ್ಲಿ ಕೊಳೆ ತೆಗೆಯೋದು ಯಾವುದು? ಬರೀ ಘಮಕ್ಕೆ ಇರೋದು ಯಾವುದು? ಘಮ ಜಾಸ್ತಿ ಬಂದರೆ ಬಟ್ಟೆ ಜಾಸ್ತಿ ಸ್ವಚ್ಛವಾಯಿತು ಅಂತಲಾ? ಕೊನೆಯ ಪ್ರಶ್ನೆಗೆ ಈಗಲೇ ಉತ್ತರ ಹೇಳಿಬಿಡಬಹುದು: ಅಲ್ಲ. ಒಗೆತ ಅಂದರೆ ಬಟ್ಟೆಯಲ್ಲಿ ಇರೋದನ್ನು ತೆಗೆಯೋದು. ಘಮ ಅಂದರೆ ಬಟ್ಟೆಯಲ್ಲಿ ಇಲ್ಲದ್ದನ್ನು ಬಿಟ್ಟುಹೋಗೋದು. ಒಂದೇ ಬಕೆಟ್ಟಿನಲ್ಲಿ, ಒಂದೇ ಮಷೀನಿನಲ್ಲಿ ಈ ಎರಡೂ ನಡೆಯುವುದರಿಂದ ಗೊಂದಲ ಹುಟ್ಟುತ್ತದೆ.

ಗಂಡಸರಿಗೆ ಇದು ನಿಜಕ್ಕೂ ಹೊಸ ಕೆಲಸವಾ?

ಸಂಬಳಕ್ಕೆ ಒಗೆಯೋದು ಹೊಸದಲ್ಲ. ಮನೆಯವರ ಬಟ್ಟೆ ಒಗೆಯೋದು ಹೊಸದು.

ಪ್ರಾಚೀನ ರೋಮ್‌ನಲ್ಲಿ ಫುಲ್ಲೋ ಎಂಬ ಕಸುಬಿನವರಿದ್ದರು. ಹೆಚ್ಚಾಗಿ ಗಂಡಸರೇ. ತೊಟ್ಟಿಯಲ್ಲಿ ಬಟ್ಟೆ ಹಾಕಿ ಕಾಲಿನಿಂದ ತುಳಿಯುತ್ತಿದ್ದರು. ನೀರಿಗೆ ಹಳಸಿದ ಮೂತ್ರ ಬೆರೆಸುತ್ತಿದ್ದರು. ಮೂಗು ಮುಚ್ಚಿಕೊಳ್ಳಬೇಡಿ, ಅದರಲ್ಲಿರುವ ಅಮೋನಿಯಾ ಜಿಡ್ಡನ್ನು ಬಿಡಿಸುತ್ತದೆ. ಜ್ವಾಲಾಮುಖಿಯಲ್ಲಿ ಹೂತುಹೋದ ಪಾಂಪೇ ನಗರದಲ್ಲಿ ಇಂಥ ಒಗೆಯುವ ಕಾರ್ಖಾನೆಗಳ ಅವಶೇಷ ಈಗಲೂ ನೋಡಸಿಗುತ್ತದೆ. ಹತ್ತೊಂಬತ್ತನೇ ಶತಮಾನದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲಾಂಡ್ರಿಗಳನ್ನು ಬಹುಪಾಲು ನಡೆಸುತ್ತಿದ್ದವರು ಚೀನಾದಿಂದ ಬಂದ ಗಂಡಸರು. ಮರದ ಕಟ್ಟಡದಲ್ಲಿ ಲಾಂಡ್ರಿ ಇಡಲು ಅನುಮತಿ ಬೇಕು ಎಂದು ನಗರಾಡಳಿತ ನಿಯಮ ಮಾಡಿತು. ಆಮೇಲೆ ಚೀನೀಯರಿಗೆ ಮಾತ್ರ ಅನುಮತಿ ಕೊಡಲಿಲ್ಲ. ಯಿಕ್ ವೋ ಹೆಸರಿನ ಆ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1886ರಲ್ಲಿ ತೀರ್ಪು ಲಾಂಡ್ರಿಯವರ ಪರ ಬಂತು. ಕಾನೂನು ಎಲ್ಲರಿಗೂ ಒಂದೇ ಎನ್ನುವುದಕ್ಕೆ ಇವತ್ತಿಗೂ ಆ ತೀರ್ಪನ್ನು ಉದಾಹರಿಸುತ್ತಾರೆ. ಹಡಗಿನ ನಾವಿಕರು, ಸೈನಿಕರು ತಮ್ಮ ಬಟ್ಟೆ ತಾವೇ ಒಗೆದುಕೊಂಡದ್ದು ಇನ್ನೊಂದು ದೊಡ್ಡ ಕಥೆ.

ಮನೆಯೊಳಗಿನ ಲೆಕ್ಕ ಬೇರೆ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 2019ರಲ್ಲಿ ಗಂಡು-ಹೆಣ್ಣು ಜೊತೆಯಾಗಿ ಬಾಳುವ ಮನೆಗಳಲ್ಲಿ ಯಾವ ಕೆಲಸ ಯಾರದು ಎಂದು ಕೇಳಿತು. ಬಟ್ಟೆ ಒಗೆಯೋದು ಮುಖ್ಯವಾಗಿ ಹೆಂಗಸಿನ ಕೆಲಸ ಎಂದ ಮನೆಗಳು ಶೇ 58. ಗಂಡಸಿನದು ಎಂದವು ಶೇ 13. ಉಳಿದ ಕಡೆ ಹೆಚ್ಚುಕಡಿಮೆ ಇಬ್ಬರದೂ. ಬದಲಾವಣೆ ಬಂದಿದೆ ಅನ್ನುವಾಗ ಈ ಅಂಕಿಗಳೂ ನೆನಪಿರಲಿ. ಏರಿಯಲ್ ಡಿಟರ್ಜೆಂಟ್ ಕಂಪನಿ 2015ರಲ್ಲಿ ‘ಶೇರ್ ದ ಲೋಡ್’ ಎಂಬ ಜಾಹೀರಾತು ಸರಣಿ ಶುರು ಮಾಡಿದ್ದು ಇದೇ ಪ್ರಶ್ನೆ ಇಟ್ಟುಕೊಂಡು: ಬಟ್ಟೆ ಒಗೆಯೋದು ಹೆಂಗಸರ ಕೆಲಸ ಮಾತ್ರವಾ?

ಹಾಗಾದರೆ ಬದಲಾದದ್ದೇನು? ಒಂಟಿಯಾಗಿ ಅಥವಾ ಗೆಳೆಯರ ಜೊತೆ ರೂಮು ಮಾಡಿಕೊಂಡು ಇರುವ ವರ್ಷಗಳು ಜಾಸ್ತಿಯಾಗಿವೆ. ಅಲ್ಲಿ ಬೇರೆ ಯಾರೂ ಒಗೆದುಕೊಡುವುದಿಲ್ಲ. ಕಲ್ಲಿನ ಮೇಲೆ ಕುಕ್ಕುವ ಶ್ರಮವನ್ನು ಮಷೀನು ತೆಗೆದುಕೊಂಡಿತು. ಜಿಮ್, ಓಟ, ಆಟದ ಬಟ್ಟೆಗಳು ಕಪಾಟಿಗೆ ಬಂದವು, ಅವುಗಳ ಬೆವರಿನ ವಾಸನೆ ಹೋಗಿಸೋದು ಒಂದು ತಲೆನೋವಾಯಿತು. ಜೊತೆಗೆ ಪರ್ಫ್ಯೂಮ್ ಹುಚ್ಚು. ಕುತ್ತಿಗೆಗೆ ಹಾಕುವ ಸೆಂಟಿನ ಬಗ್ಗೆ ಇಷ್ಟು ಯೋಚನೆ ಮಾಡುವವನು, ದಿನವಿಡೀ ಮೈಗೆ ಅಂಟಿಕೊಂಡಿರುವ ಅಂಗಿಯ ವಾಸನೆಯ ಬಗ್ಗೆಯೂ ಒಂದಲ್ಲ ಒಂದು ದಿನ ಯೋಚಿಸುತ್ತಾನೆ. ಹಾಗಾಗಿ ಅನೇಕ ಗಂಡಸರು ಒಗೆತದ ಲೋಕಕ್ಕೆ ಹೊಕ್ಕಿರುವುದು ಕೊಳೆಯ ಬಾಗಿಲಿನಿಂದ ಅಲ್ಲ, ಘಮದ ಬಾಗಿಲಿನಿಂದ.

ಮೊದಲು, ಕೊಳೆ ಹೋಗೋದು ಹೇಗೆ

ನೀರಿಗೆ ಎಣ್ಣೆ ಆಗಿಬರುವುದಿಲ್ಲ. ಮೈಯ ಜಿಡ್ಡು, ಬೆವರಿನ ಕೊಬ್ಬು, ಊಟದ ಎಣ್ಣೆ ಬರೀ ನೀರಿಗೆ ಹೋಗದೆ ಇರುವುದು ಅದಕ್ಕೇ. ಡಿಟರ್ಜೆಂಟಿನಲ್ಲಿ ಇರುವ ಮುಖ್ಯ ವಸ್ತುವಿಗೆ ಸರ್ಫ್ಯಾಕ್ಟಂಟ್ ಎಂದು ಹೆಸರು. ಇದರ ಪ್ರತಿ ಅಣುವಿಗೂ ಎರಡು ತುದಿ. ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ ಇಷ್ಟ. ಎಣ್ಣೆ ಇಷ್ಟವಿರುವ ತುದಿಗಳು ಜಿಡ್ಡನ್ನು ಸುತ್ತುವರಿದು ಚಿಕ್ಕ ಚಿಕ್ಕ ಹನಿಗಳಾಗಿ ಬಟ್ಟೆಯಿಂದ ಎಬ್ಬಿಸುತ್ತವೆ. ನೀರು ಇಷ್ಟವಿರುವ ತುದಿಗಳು ಅದನ್ನು ನೀರಿನ ಜೊತೆ ಎಳೆದುಕೊಂಡು ಹೋಗುತ್ತವೆ. ನೊರೆ ಇದರ ಉಪಫಲ ಅಷ್ಟೇ. ನೊರೆ ಜಾಸ್ತಿ ಬಂದರೆ ಕೊಳೆ ಜಾಸ್ತಿ ಹೋಯಿತು ಅನ್ನೋದು ತಪ್ಪು ಲೆಕ್ಕ. ಮುಂಬದಿಯಲ್ಲಿ ಬಾಗಿಲಿರುವ (ಫ್ರಂಟ್ ಲೋಡ್) ಮಷೀನಿನಲ್ಲಂತೂ ಅತಿಯಾದ ನೊರೆ ಬಟ್ಟೆಗಳ ನಡುವೆ ಮೆತ್ತೆ ಹಾಸಿದಂತಾಗಿ, ಬಟ್ಟೆ ಬಟ್ಟೆಗೆ ಉಜ್ಜುವುದೇ ತಪ್ಪುತ್ತದೆ.

ಇನ್ನೊಂದು ಮುಖ್ಯ ವಸ್ತು ಎನ್‌ಜೈಮ್. ಅನ್ನ, ಮಾಂಸ ಜೀರ್ಣವಾಗಲು ನಮ್ಮ ಹೊಟ್ಟೆ ಬಳಸುವ ಜಾತಿಯ ವಸ್ತುಗಳೇ ಇವು. ಜರ್ಮನಿಯ ಓಟೋ ರೋಮ್ 1913ರಲ್ಲಿ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಎನ್‌ಜೈಮನ್ನು ಒಗೆಯಲು ಬಳಸುವ ಉಪಾಯಕ್ಕೆ ಪೇಟೆಂಟ್ ಪಡೆದರು. ಇವತ್ತು ಇವನ್ನು ಸೂಕ್ಷ್ಮಜೀವಿಗಳಿಂದ ತಯಾರಿಸುತ್ತಾರೆ. ಪ್ರೋಟಿಯೇಸ್ ರಕ್ತ, ಬೆವರು, ಮೊಟ್ಟೆಯ ಕಲೆಗಳನ್ನು ತುಂಡರಿಸುತ್ತದೆ. ಲೈಪೇಸ್ ಜಿಡ್ಡನ್ನು, ಅಮೈಲೇಸ್ ಗಂಜಿಯಂಥ ಪಿಷ್ಟವನ್ನು. ರೇಷ್ಮೆ ಮತ್ತು ಉಣ್ಣೆ ಕೂಡ ಪ್ರೋಟೀನೇ ಆಗಿರುವುದರಿಂದ ಪ್ರೋಟಿಯೇಸ್ ಇರುವ ಡಿಟರ್ಜೆಂಟ್ ಅವುಗಳನ್ನೂ ಮೆಲ್ಲಗೆ ತಿನ್ನುತ್ತದೆ. ‘ಉಣ್ಣೆಗೆ ಬೇರೆ’ ಎಂದು ಪ್ರತ್ಯೇಕ ಬಾಟಲಿ ಇರುವುದು ಸುಮ್ನೆ ಅಲ್ಲ.

ಬಿಳಿ ಬಟ್ಟೆ ಬೆಳ್ಳಗಾಗಲು ಬ್ಲೀಚ್. ಜರ್ಮನಿಯ ಹೆಂಕೆಲ್ ಕಂಪನಿ 1907ರಲ್ಲಿ ಪರ್ಸಿಲ್ ಪುಡಿಯಲ್ಲಿ ಸೋಪಿನ ಜೊತೆ ಆಮ್ಲಜನಕ ಬಿಡುವ ಬ್ಲೀಚ್ ಸೇರಿಸಿ ಮಾರಿತು. 1946ರಲ್ಲಿ ಅಮೆರಿಕದಲ್ಲಿ ಟೈಡ್ ಬಂತು. ಗಡಸು ನೀರಿನಲ್ಲೂ ಕೊಳೆ ತೆಗೆಯಬಲ್ಲ ಸಿಂಥೆಟಿಕ್ ಡಿಟರ್ಜೆಂಟ್ ಅದು. ಒಗೆತದ ಮಟ್ಟಿಗೆ ದೊಡ್ಡ ರಸಾಯನಶಾಸ್ತ್ರವೆಲ್ಲ ಅಲ್ಲಿಗೆ ಬಹುಪಾಲು ಮುಗಿದಿತ್ತು. ಗಮನಿಸಿ, ಇಷ್ಟು ಹೇಳುವಷ್ಟರಲ್ಲಿ ಘಮದ ಮಾತು ಒಮ್ಮೆಯೂ ಬರಲಿಲ್ಲ. ಪರಿಮಳವೇ ಇಲ್ಲದ ಡಿಟರ್ಜೆಂಟ್ ಕೂಡ ಅಷ್ಟೇ ಚೆನ್ನಾಗಿ ಕೊಳೆ ತೆಗೆಯುತ್ತದೆ.

ಘಮ ನಿಲ್ಲಿಸೋದು ಅಷ್ಟು ಸುಲಭವಲ್ಲ

ಈಗ ಕಂಪನಿಯ ಕಷ್ಟ ಯೋಚಿಸಿ. ಡಿಟರ್ಜೆಂಟ್ ಎಣ್ಣೆಯಂಥದ್ದನ್ನೆಲ್ಲ ಬಟ್ಟೆಯಿಂದ ತೆಗೆದು ಚರಂಡಿಗೆ ಕಳಿಸುತ್ತದೆ. ಪರಿಮಳದ ವಸ್ತುಗಳೂ ಎಣ್ಣೆಯಂಥವೇ. ಅಂದರೆ ಬಾಟಲಿಯಲ್ಲಿ ಹಾಕಿದ ದುಬಾರಿ ಸೆಂಟನ್ನು ಅದೇ ಬಾಟಲಿಯ ಡಿಟರ್ಜೆಂಟು ತೊಳೆದು ಹಾಕುತ್ತದೆ! ಬಾಟಲಿ ಮೂಸಿದಾಗ ಬರುವ ಘಮದ ದೊಡ್ಡ ಪಾಲು ಬಟ್ಟೆಗೆ ತಲುಪುವುದೇ ಇಲ್ಲ. ಇದನ್ನು ಮೀರಲು ತಯಾರಕರು ಕೆಲವು ದಾರಿಗಳನ್ನು ಕಂಡುಕೊಂಡರು.

ಮೊದಲ ದಾರಿ, ಬಟ್ಟೆಗೆ ತಾನಾಗಿಯೇ ಅಂಟುವ ಪರಿಮಳ ಹುಡುಕುವುದು. ಇಲ್ಲಿ ಗೆದ್ದದ್ದು ಕಸ್ತೂರಿ. ನಿಜವಾದ ಕಸ್ತೂರಿ ಅಲ್ಲ, ಪ್ರಯೋಗಾಲಯದ ಕಸ್ತೂರಿ. 1888ರ ಸುಮಾರಿಗೆ ಜರ್ಮನಿಯ ಆಲ್ಬರ್ಟ್ ಬಾವರ್ ಸಿಡಿಮದ್ದಿನ ವಸ್ತುಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಕಸ್ತೂರಿಯ ವಾಸನೆಯ ಒಂದು ವಸ್ತು ಸಿಕ್ಕಿತು. ಆ ಮನೆತನದ ಅಗ್ಗದ ಕಸ್ತೂರಿಗಳು ಸೋಪಿಗೆ ಬಂದವು. ಪರಿಸರದಲ್ಲಿ ಬೇಗ ಕರಗದೆ ಉಳಿಯುತ್ತವೆಂದು ಆಮೇಲೆ ಹಿಂದೆ ಸರಿದವು. 1960ರ ದಶಕದಲ್ಲಿ ಅಮೆರಿಕದ ಐಎಫ್ಎಫ್ ಕಂಪನಿಯ ಗ್ಯಾಲಕ್ಸೊಲೈಡ್ ಎಂಬ ಹೊಸ ಬಗೆಯ ಕಸ್ತೂರಿ ಬಂತು. ಇದಕ್ಕೆ ನೀರು ಕಂಡರೆ ಆಗದು. ಆದ್ದರಿಂದ ಒಗೆಯುವ ನೀರಿನಲ್ಲಿ ಇರುವ ಬದಲು ಬಟ್ಟೆಯ ನೂಲಿಗೆ ಅಂಟಿಕೊಳ್ಳುತ್ತದೆ, ನಿಧಾನವಾಗಿ ಆವಿಯಾಗುತ್ತದೆ. ‘ಒಗೆದ ಬಟ್ಟೆಯ ಸ್ವಚ್ಛ ವಾಸನೆ’ ಎಂದು ಲಕ್ಷಾಂತರ ಜನ ಗುರುತಿಸುವುದು ಬಹುಪಾಲು ಈ ಥರದ ಕಸ್ತೂರಿಗಳ ವಾಸನೆಯನ್ನೇ. ಸ್ವಚ್ಛತೆಗೆ ತನ್ನದೇ ಆದ ವಾಸನೆ ಇಲ್ಲ. ನಾವು ಕಲಿತುಕೊಂಡದ್ದು ಅದು. ಆದರೆ ಈ ಹೊಸ ಕಸ್ತೂರಿಯೂ ನದಿ ನೀರಿನಲ್ಲಿ, ಮೀನಿನ ಮೈಯಲ್ಲಿ ಪತ್ತೆಯಾಗಿದೆ. ಬಟ್ಟೆಯಲ್ಲಿ ಉಳಿಯುವ ಗುಣವೇ ನೀರಿನಲ್ಲೂ ಅದನ್ನು ಉಳಿಸುತ್ತದೆ.

ಎರಡನೆಯ ದಾರಿ ಸಾಫ್ಟನರ್, ಕೆಲವರ ಬಾಯಲ್ಲಿ ಕಂಡಿಷನರ್. ನೀರಿನಲ್ಲಿ ಬಟ್ಟೆಯ ನೂಲಿಗೆ ಸ್ವಲ್ಪ ಋಣ ವಿದ್ಯುತ್ ಗುಣ ಇರುತ್ತದೆ. ಸಾಫ್ಟನರಿನ ಅಣುಗಳಿಗೆ ಧನ ಗುಣ. ಎರಡೂ ಸೆಳೆದುಕೊಳ್ಳುತ್ತವೆ. ನೂಲಿನ ಮೇಲೆ ಕೊಬ್ಬಿನಂಥ ತೆಳು ಲೇಪ ಕೂರುತ್ತದೆ. ನೂಲು ನೂಲಿಗೆ ಸಿಕ್ಕಿಕೊಳ್ಳದೆ ಜಾರುವುದರಿಂದ ಬಟ್ಟೆ ಮೆತ್ತಗೆ ಅನಿಸುತ್ತದೆ, ಚಟಪಟ ಅನ್ನುವ ಸ್ಥಾಯೀ ವಿದ್ಯುತ್ತೂ ಕಡಿಮೆ. ಈ ಲೇಪದ ಜೊತೆಯಲ್ಲೇ ಪರಿಮಳವೂ ಕೂರುತ್ತದೆ. ಡಿಟರ್ಜೆಂಟಿನ ಮುಖ್ಯ ಅಣುಗಳಿಗೆ ಋಣ ಗುಣ. ಹಾಗಾಗಿ ಎರಡನ್ನೂ ಒಟ್ಟಿಗೆ ಸುರಿದರೆ ಒಂದನ್ನೊಂದು ಹಿಡಿದುಕೊಂಡು ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ. ಸಾಫ್ಟನರನ್ನು ಕೊನೆಯ ಸಲ ಜಾಲಿಸುವ ನೀರಿಗೇ ಹಾಕಬೇಕು ಅನ್ನೋದು ಇದಕ್ಕೆ. ಮಷೀನಿನ ಡ್ರಾಯರಿನಲ್ಲಿ ಅದಕ್ಕೆ ಬೇರೆ ಗೂಡು ಇರುವುದೂ ಇದಕ್ಕೇ.

ಮೂರನೆಯದು ಸೆಂಟ್ ಬೂಸ್ಟರ್ ಮಣಿಗಳು. ಇವು 2010ರ ದಶಕದಲ್ಲಿ ಜೋರಾಗಿ ಮಾರುಕಟ್ಟೆಗೆ ಬಂದವು. ನೋಡಲು ಬಣ್ಣದ ಗುಳಿಗೆ. ಬಹಳಷ್ಟು ಮಣಿಗಳಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ನೀರಿನಲ್ಲಿ ಕರಗುವ ಮೇಣದಂಥ ವಸ್ತು ಮತ್ತು ಪರಿಮಳ, ಅಷ್ಟೇ. ಕೊಳೆ ತೆಗೆಯುವ ಗುಣ ಇಲ್ಲ. ಬಟ್ಟೆಯ ಜೊತೆ ಡ್ರಮ್ಮಿಗೇ ಹಾಕುತ್ತಾರೆ. ಒಗೆತಕ್ಕೆ ಹೊಸದಾಗಿ ಬಂದ ಗಂಡಸರಲ್ಲಿ ಈ ಮಣಿಗಳ ಮೋಹ ಜೋರು. ತಪ್ಪೇನಿಲ್ಲ, ಕೊಳೆಗೂ ಇದಕ್ಕೂ ಸಂಬಂಧ ಇಲ್ಲ ಅನ್ನೋದು ಗೊತ್ತಿದ್ದರೆ ಸಾಕು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ. ಅಂಗಿ ಕೊಡವಿದಾಗ, ತೋಳು ಮಡಿಸಿದಾಗ ಇದ್ದಕ್ಕಿದ್ದಂತೆ ಘಮ್ ಅನ್ನುತ್ತದಲ್ಲ, ಅದರ ಹಿಂದಿರುವುದು ಮೈಕ್ರೋಕ್ಯಾಪ್ಸೂಲ್. ಕೂದಲೆಳೆಯ ದಪ್ಪಕ್ಕಿಂತ ಚಿಕ್ಕ ಗೋಲಿಗಳು. ಹೊರಗೆ ತೆಳು ಪಾಲಿಮರ್ ಗೋಡೆ, ಒಳಗೆ ಒಂದಿಷ್ಟು ಸೆಂಟು. ಉಜ್ಜಿದಾಗ ಗೋಡೆ ಒಡೆಯುತ್ತದೆ, ಒಳಗಿನದು ಹೊರಬರುತ್ತದೆ. ಈ ಉಪಾಯ ಹುಟ್ಟಿದ್ದು ಸೆಂಟಿಗಾಗಿ ಅಲ್ಲ, ಲೆಕ್ಕಪತ್ರಕ್ಕಾಗಿ. 1950ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಗೆ ಕಾರ್ಬನ್ ಹಾಳೆ ಇಲ್ಲದೆ ರಸೀದಿಯ ನಕಲು ಮೂಡಿಸಬೇಕಿತ್ತು. ಅಲ್ಲಿನ ಬ್ಯಾರೆಟ್ ಗ್ರೀನ್ ಮತ್ತು ಜೊತೆಗಾರರು ಕಾಗದದ ಹಿಂಬದಿಗೆ ಬಣ್ಣದ ವಸ್ತು ತುಂಬಿದ ಸೂಕ್ಷ್ಮ ಗೋಲಿಗಳನ್ನು ಬಳಿದರು. ಪೆನ್ನಿನ ಒತ್ತಡಕ್ಕೆ ಗೋಲಿ ಒಡೆದು ಕೆಳಗಿನ ಹಾಳೆಯ ಮೇಲೆ ಅಕ್ಷರ ಮೂಡುತ್ತಿತ್ತು. ಬಣ್ಣದ ಜಾಗಕ್ಕೆ ಸೆಂಟು ತುಂಬಿದರೆ ಇವತ್ತಿನ ‘ವಾರಗಟ್ಟಲೆ ನಿಲ್ಲುವ ಘಮ’.

ಆದರೆ ಆ ಗೋಡೆ ಬಹಳ ಸಲ ಪ್ಲಾಸ್ಟಿಕ್ಕೇ. ಬೇಕೆಂದೇ ಸೇರಿಸುವ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಯೂರೋಪಿಯನ್ ಒಕ್ಕೂಟ 2023ರಲ್ಲಿ ನಿರ್ಬಂಧಿಸಿತು. ಸೆಂಟಿನ ಗೋಲಿಗಳಿಗೆ ಬದಲಿ ಹುಡುಕಿಕೊಳ್ಳಲು 2029ರ ಅಕ್ಟೋಬರ್‌ವರೆಗೆ ಸಮಯ ಕೊಟ್ಟಿದೆ. ಕೊಳೆತು ಮಣ್ಣಾಗುವ ಗೋಡೆಗಳ ಮೇಲೆ ಈಗ ಕೆಲಸ ನಡೆದಿರುವುದು ಈ ಕಾರಣಕ್ಕೆ.

‘ಗಂಡಸರ ಘಮ’ ಅನ್ನೋದು ಎಲ್ಲಿಂದ ಬಂತು

ಕಪ್ಪು ಬಾಟಲಿಯ ಡಿಟರ್ಜೆಂಟ್ ಮೂಸಿದ ಎಷ್ಟೋ ಜನ ‘ಅರೆ, ಇದು ಜೆಂಟ್ಸ್ ಪರ್ಫ್ಯೂಮ್ ಥರಾನೇ ಇದೆ’ ಅನ್ನುತ್ತಾರೆ. ಡಿಟರ್ಜೆಂಟು ಪರ್ಫ್ಯೂಮನ್ನು ನಕಲು ಮಾಡಿದೆ ಎಂದುಕೊಳ್ಳುತ್ತಾರೆ. ಇತಿಹಾಸ ನೋಡಿದರೆ ಅರ್ಧ ಕಥೆ ತಿರುಗುಮುರುಗು.

1868ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಕೂಮರಿನ್ ಎಂಬ ವಸ್ತುವನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಹೊಸದಾಗಿ ಕೊಯ್ದು ಒಣಗಿಸಿದ ಹುಲ್ಲಿನ ಸಿಹಿ ವಾಸನೆ ಅದರದು. 1882ರಲ್ಲಿ ಫ್ರಾನ್ಸಿನ ಊಬಿಗಾಂ ಕಂಪನಿಯ ಪರಿಮಳ ತಯಾರಕ ಪಾಲ್ ಪಾರ್ಕೆ ಇದನ್ನು ಬಳಸಿ ‘ಫುಜೇರ್ ರೋಯಾಲ್’ ಮಾಡಿದರು. ಲ್ಯಾವೆಂಡರ್, ಕೂಮರಿನ್ ಮತ್ತು ಓಕ್ ಮರದ ಕಲ್ಲುಹೂವಿನ ಈ ಜೋಡಣೆ ಮುಂದೆ ಒಂದು ಮನೆತನವೇ ಆಯಿತು. ಶೇವಿಂಗ್ ಸೋಪು, ಕ್ಷೌರದಂಗಡಿಯ ಲೋಷನ್ನು, ಟಾಲ್ಕಂ ಪುಡಿಗಳಲ್ಲಿ ಇದೇ ವಾಸನೆ ಹಬ್ಬಿತು. ನೂರು ವರ್ಷ ಗಂಡಸರ ಗಲ್ಲದ ಮೇಲೆ ಕೂತದ್ದರಿಂದ ಅದು ‘ಗಂಡಸರ ವಾಸನೆ’ ಆಯಿತು. ಅಣುವಿಗೆ ಗಂಡು ಹೆಣ್ಣು ಇಲ್ಲ. ಲ್ಯಾವೆಂಡರ್ ಕೂಡ ಹೂವೇ ಅಲ್ವಾ?

ತಿರುಗುಮುರುಗು ಎಂದದ್ದು ಡೈಹೈಡ್ರೋಮರ್ಸಿನಾಲ್ ಎಂಬ ಇನ್ನೊಂದು ವಸ್ತುವಿನ ವಿಷಯಕ್ಕೆ. ಹೆಸರು ನಾಲಿಗೆಗೆ ಕಷ್ಟ, ವಾಸನೆ ಮಾತ್ರ ಎಲ್ಲರಿಗೂ ಪರಿಚಿತ: ನಿಂಬೆ, ಲ್ಯಾವೆಂಡರ್, ತಣ್ಣನೆಯ ಲೋಹ ಸೇರಿದ ಹಾಗೆ. ಡಿಟರ್ಜೆಂಟಿನ ಕ್ಷಾರದಲ್ಲಿ ಬಹಳಷ್ಟು ನಾಜೂಕಿನ ಪರಿಮಳಗಳು ಕೆಟ್ಟುಹೋಗುತ್ತವೆ. ಇದು ಕೆಡುವುದಿಲ್ಲ. ಬೆಲೆಯೂ ಕಡಿಮೆ. ಆದ್ದರಿಂದ ಮೊದಲು ಸೋಪು, ಬಟ್ಟೆ ಒಗೆಯುವ ಪುಡಿಗಳಿಗೆ ಕೆಲಸದಾಳಾಗಿ ಬಂತು. ಆಮೇಲೆ 1982ರ ‘ಡ್ರಕಾರ್ ನ್ವಾರ್’ ಎಂಬ ಗಂಡಸರ ಪರ್ಫ್ಯೂಮಿನಲ್ಲಿ ಇದನ್ನು ಧಾರಾಳವಾಗಿ ಬಳಸಿದರು. 1988ರ ‘ಕೂಲ್ ವಾಟರ್’ ಇನ್ನೂ ಮುಂದೆ ಹೋಯಿತು. ಎರಡೂ ಜಗತ್ತಿನಾದ್ಯಂತ ಮಾರಾಟವಾದವು. ಆಮೇಲಿನ ನೂರಾರು ಡಿಯೋಡರೆಂಟ್, ಶವರ್ ಜೆಲ್, ‘ಸ್ಪೋರ್ಟ್’ ಸೆಂಟುಗಳು ಅದೇ ಹಾದಿ ಹಿಡಿದವು. ಅಂದರೆ ಗಂಡಸರು ‘ಫ್ರೆಶ್’ ಎಂದು ಮೆಚ್ಚಿದ ವಾಸನೆಯ ಒಂದು ಮುಖ್ಯ ಎಳೆ ಒಗೆಯುವ ಪುಡಿಯಿಂದ ಎದ್ದು ಪರ್ಫ್ಯೂಮ್ ಬಾಟಲಿಗೆ ಹೋಗಿತ್ತು. ಈಗ ಅದೇ ವಾಸನೆ ‘ಪರ್ಫ್ಯೂಮಿನಂಥ ಘಮ’ ಎಂಬ ಹೆಸರಿನಲ್ಲಿ, ಜಾಸ್ತಿ ಬೆಲೆಗೆ, ತನ್ನ ತವರಿಗೆ ವಾಪಸ್ ಬಂದಿದೆ.

ಹಾಗಾಗಿ ಬಾಟಲಿಯ ಬಣ್ಣ ನೋಡಿ ಇದು ಗಂಡಸರದು, ಅದು ಹೆಂಗಸರದು ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಒಳಗಿನ ಸರ್ಫ್ಯಾಕ್ಟಂಟು ನೀವು ಯಾರೆಂದು ಕೇಳುವುದಿಲ್ಲ.

ಮೂಗು ನಮ್ಮನ್ನು ಏಮಾರಿಸುವುದು ಹೀಗೆ

ಮನುಷ್ಯರ ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳು ಕೆಲಸ ಮಾಡುತ್ತವೆ. ವಾಸನೆಯ ಅಣು ಬಂದು ಕೂತಾಗ ಮಿದುಳಿಗೆ ಸುದ್ದಿ ಮುಟ್ಟಿಸುವ ಕೆಲಸ ಇವುಗಳದು. ಈ ಗ್ರಾಹಕಗಳನ್ನು ಪತ್ತೆ ಮಾಡಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ವಾಸನೆಯ ಸುದ್ದಿ ನೆನಪು ಮತ್ತು ಭಾವನೆಗಳನ್ನು ನೋಡಿಕೊಳ್ಳುವ ಮಿದುಳಿನ ಭಾಗಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ಒಂದು ಸಾಫ್ಟನರ್ ಮೂಸಿದ ಕೂಡಲೇ ಯಾರದೋ ಮನೆ, ಯಾವುದೋ ಹಾಸಿಗೆ ನೆನಪಾಗುವುದು ಇದರಿಂದ.

ಆದರೆ ಮೂಗಿಗೆ ಒಂದು ಅಭ್ಯಾಸ ಇದೆ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಅದನ್ನು ಲೆಕ್ಕದಿಂದ ತೆಗೆದುಹಾಕುತ್ತದೆ. ರೂಮಿನಲ್ಲಿ ತಿರುಗುತ್ತಿರುವ ಫ್ಯಾನಿನ ಸದ್ದು ಸ್ವಲ್ಪ ಹೊತ್ತಿಗೆ ಕಿವಿಗೆ ಬೀಳುವುದೇ ನಿಂತುಹೋಗುತ್ತದಲ್ಲ, ಹಾಗೆ. ಸದ್ದು ನಿಂತಿಲ್ಲ, ಹೊರಗಿಂದ ಬಂದವರಿಗೆ ಕೇಳಿಸುತ್ತದೆ. ದಿನಾ ಒಂದೇ ಸಾಫ್ಟನರ್ ಬಳಸುವವರಿಗೆ ಕೆಲವು ವಾರಗಳಲ್ಲಿ ತಮ್ಮ ಬಟ್ಟೆಯ ಘಮವೇ ಗೊತ್ತಾಗುವುದಿಲ್ಲ. ‘ಈ ಕಂಪನಿ ಕ್ವಾಲಿಟಿ ಇಳಿಸಿದೆ’ ಎಂದುಕೊಂಡು ಒಂದು ಮುಚ್ಚಳದ ಜಾಗದಲ್ಲಿ ಎರಡು ಹಾಕುತ್ತಾರೆ. ಮೇಲೆ ಮಣಿ, ಅದರ ಮೇಲೆ ಬಾಡಿ ಸ್ಪ್ರೇ. ಲಿಫ್ಟಿನಲ್ಲಿ ಪಕ್ಕ ನಿಂತವರ ಪಾಡು ಅವರಿಗೇ ಗೊತ್ತು.

ನಿಮ್ಮ ಬಟ್ಟೆ ಘಮ ಬೀರುತ್ತಿದೆಯೋ ಇಲ್ಲವೋ ಎಂದು ನಿಮ್ಮ ಮೂಗನ್ನು ಕೇಳಿ ಪ್ರಯೋಜನ ಇಲ್ಲ. ಬೇರೆಯವರನ್ನು ಕೇಳಿ. ಇಲ್ಲವೇ ಕೆಲವು ವಾರ ಆ ಪರಿಮಳ ಬಿಟ್ಟು ಮತ್ತೆ ಮೂಸಿ.

ಒಗೆದರೂ ಹೋಗದ ಜಿಮ್ ಟೀ ಶರ್ಟಿನ ವಾಸನೆ

ಬೆವರಿಗೆ ಹುಟ್ಟಿದಾಗ ಹೆಚ್ಚು ವಾಸನೆ ಇರುವುದಿಲ್ಲ. ಕಂಕುಳಲ್ಲಿರುವ ಬ್ಯಾಕ್ಟೀರಿಯಾಗಳು ಬೆವರಿನಲ್ಲಿರುವುದನ್ನು ತಿಂದು ಗಂಧಕ ಇರುವ ವಸ್ತುಗಳನ್ನೂ ಘಾಟು ಆಮ್ಲಗಳನ್ನೂ ಬಿಡುತ್ತವೆ. ಆ ವಾಸನೆ ಅವುಗಳದು.

ಇಲ್ಲಿ ಬಟ್ಟೆಯ ಜಾತಿ ಮುಖ್ಯವಾಗುತ್ತದೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 26 ಜನ ಸೈಕಲ್ ವ್ಯಾಯಾಮ ಮಾಡಿ ಬೆವರಿದ ಟೀ ಶರ್ಟುಗಳನ್ನು ಇಟ್ಟು ಪರೀಕ್ಷಿಸಿದರು. ಪಾಲಿಯೆಸ್ಟರ್ ಶರ್ಟುಗಳು ಹತ್ತಿಯವಕ್ಕಿಂತ ಕೆಟ್ಟದಾಗಿ ನಾರುತ್ತಿದ್ದವು. ಮೈಕ್ರೋಕಾಕಸ್ ಎಂಬ ಬ್ಯಾಕ್ಟೀರಿಯಾ ಪಾಲಿಯೆಸ್ಟರಿನ ಮೇಲೆ ಹುಲುಸಾಗಿ ಬೆಳೆದಿತ್ತು. ಹತ್ತಿ ನೀರನ್ನೂ ವಾಸನೆಯನ್ನೂ ಒಳಗೆ ಹೀರುತ್ತದೆ, ಒಗೆದಾಗ ಬಿಡುತ್ತದೆ. ಪಾಲಿಯೆಸ್ಟರಿಗೆ ನೀರಿಗಿಂತ ಎಣ್ಣೆ ಹತ್ತಿರ. ಮೈಯ ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇಂಥ ಬಟ್ಟೆಗೆ ಬಹಳ ಜನ ಮಾಡುವ ಉಪಾಯ ಸಾಫ್ಟನರ್ ಜಾಸ್ತಿ ಹಾಕೋದು. ಅದು ಉಲ್ಟಾ ಹೊಡೆಯುತ್ತದೆ. ಕೊಬ್ಬಿನ ಲೇಪ ಹಳೆಯ ಜಿಡ್ಡಿನ ಮೇಲೆ ಕೂತು, ಮುಂದಿನ ಸಲ ಡಿಟರ್ಜೆಂಟು ಒಳಗೆ ಇಳಿಯದಂತೆ ಮಾಡುತ್ತದೆ. ಬೆವರು ಬೇಗ ಆರಿಸುವ ಬಟ್ಟೆಯ ಗುಣವೂ ಕುಂದುತ್ತದೆ. ಟವೆಲ್ಲಿನ ಕಥೆಯೂ ಇದೇ: ಮುಟ್ಟಿದರೆ ಮೆತ್ತಗೆ, ಒರೆಸಿದರೆ ನೀರು ಹೀರದು.

ಇನ್ನು ಮುಗ್ಗಲು ವಾಸನೆ. ಒಗೆದ ಬಟ್ಟೆ ಮಷೀನಿನಲ್ಲೇ ಗಂಟೆಗಟ್ಟಲೆ ಒದ್ದೆಯಾಗಿ ಉಳಿದಾಗ ಬರುವುದು. ಜಪಾನಿನ ಸಂಶೋಧಕರು 2012ರಲ್ಲಿ ಇದರ ಮೂಲವನ್ನು ತೋರಿಸಿದರು. ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಬಟ್ಟೆಯಲ್ಲಿ ಉಳಿದ ಕೊಳೆಯನ್ನು ತಿಂದು ಒದ್ದೆ ಒರಸುಬಟ್ಟೆಯ ವಾಸನೆಯ ಒಂದು ಆಮ್ಲ ಬಿಡುತ್ತದೆ. ಒಣಗಿದರೂ ಈ ಬ್ಯಾಕ್ಟೀರಿಯಾ ಸುಲಭಕ್ಕೆ ಸಾಯುವುದಿಲ್ಲ. ಬಟ್ಟೆ ಮತ್ತೆ ನೆನೆದ ಕೂಡಲೇ ವಾಸನೆ ಎದ್ದು ಬರುವುದು ಅದರಿಂದ. ಘಮದ ಮಣಿ ಇದರ ಮೇಲೆ ಹೊದಿಕೆ ಹೊದಿಸುತ್ತದೆ ಅಷ್ಟೇ. ಮಳೆಯಲ್ಲಿ ನೆನೆದಿರೋ, ಎರಡೂ ವಾಸನೆ ಒಟ್ಟಿಗೆ ಬರುತ್ತವೆ. ಅದು ಬರೀ ಮುಗ್ಗಲಿಗಿಂತ ಕಡೆ.

ಚರ್ಮ, ಉಸಿರು ಮತ್ತು ಪಕ್ಕದವರು

ಬಹುಪಾಲು ಜನರಿಗೆ ಪರಿಮಳದ ಡಿಟರ್ಜೆಂಟಿನಿಂದ ತೊಂದರೆ ಇಲ್ಲ. ಕೆಲವರಿಗೆ ಇದೆ. ಲ್ಯಾವೆಂಡರಿನಲ್ಲಿರುವ ಲಿನಲೂಲ್, ನಿಂಬೆ ಕಿತ್ತಳೆ ಸಿಪ್ಪೆಯಲ್ಲಿರುವ ಲಿಮೊನೀನ್ ಗಾಳಿಗೆ ತೆರೆದುಕೊಂಡು ಬದಲಾದಾಗ ಚರ್ಮಕ್ಕೆ ಅಲರ್ಜಿ ತರಬಲ್ಲವು. ‘ನೈಸರ್ಗಿಕ ಪರಿಮಳ’ ಅಂದರೆ ಅಲರ್ಜಿ ಬರುವುದಿಲ್ಲ ಎಂದು ಅರ್ಥವಲ್ಲ. ಯೂರೋಪಿಯನ್ ಒಕ್ಕೂಟದಲ್ಲಿ 2005ರಿಂದ ಒಂದು ನಿಯಮ ಇದೆ. ಅಲರ್ಜಿ ತರಬಲ್ಲವೆಂದು ಪಟ್ಟಿ ಮಾಡಿದ ಪರಿಮಳ ವಸ್ತುಗಳಲ್ಲಿ ಯಾವುದಾದರೂ ಶೇ 0.01 ಮೀರಿ ಡಿಟರ್ಜೆಂಟಿನಲ್ಲಿದ್ದರೆ ಲೇಬಲ್ಲಿನಲ್ಲಿ ಅದರ ಹೆಸರು ಬರೆಯಬೇಕು. ಕತ್ತಿನ ಪಟ್ಟಿ, ಕಂಕುಳು, ಸೊಂಟದ ಎಲಾಸ್ಟಿಕ್ ಇರುವ ಕಡೆ ತುರಿಕೆ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದವುಗಳಲ್ಲಿ ಡಿಟರ್ಜೆಂಟಿನ ಪರಿಮಳವೂ ಒಂದು. ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಲೇಬಲ್ ಓದುವಾಗ ಒಂದು ಎಚ್ಚರ ಬೇಕು. ಪರಿಮಳ ಸೇರಿಸಿಯೇ ಇಲ್ಲ ಅನ್ನೋದು ಬೇರೆ, ವಾಸನೆ ಬರುವುದಿಲ್ಲ ಅನ್ನೋದು ಬೇರೆ. ಎರಡನೆಯದರಲ್ಲಿ ಡಿಟರ್ಜೆಂಟಿನ ಸಹಜ ವಾಸನೆ ಮುಚ್ಚಲು ಸ್ವಲ್ಪ ಪರಿಮಳ ಹಾಕಿರಬಹುದು. ಅಲರ್ಜಿ ಇರುವವರಿಗೆ ಮೊದಲನೆಯದೇ ಬೇಕು.

ಘಮ ಅನ್ನೋದು ಹಾಕಿಕೊಂಡವರ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಆಸ್ತಮಾ ಅಥವಾ ಮೈಗ್ರೇನ್ ಇರುವ ಕೆಲವರಿಗೆ ಗಾಢ ಪರಿಮಳವೇ ತೊಂದರೆ ಎಬ್ಬಿಸುತ್ತದೆ. ಗಾಢ ಘಮದ ಸಾಫ್ಟನರ್‌ಗಳ ಅಲೆ ಮೊದಲೇ ಬಂದಿದ್ದ ಜಪಾನಿನಲ್ಲಿ, ಅವುಗಳ ವಾಸನೆಯ ಬಗ್ಗೆ ದೂರುಗಳು ಹೆಚ್ಚುತ್ತಿವೆ ಎಂದು ರಾಷ್ಟ್ರೀಯ ಗ್ರಾಹಕ ವ್ಯವಹಾರ ಕೇಂದ್ರ 2013ರಲ್ಲೇ ಪ್ರಕಟಣೆ ಹೊರಡಿಸಿತ್ತು. ಆಮೇಲೆ ಸರ್ಕಾರದ ಇಲಾಖೆಗಳು ಸೇರಿ, ನಿಮ್ಮ ಘಮದಿಂದ ಬೇರೆಯವರಿಗೆ ಕಷ್ಟವಾಗುತ್ತಿರಬಹುದು ಎಂದು ತಿಳಿಸುವ ಪೋಸ್ಟರ್ ಮಾಡಿದವು.

ಹಾಗಾದರೆ ಏನು, ಎಷ್ಟು, ಯಾವಾಗ

ಡಿಟರ್ಜೆಂಟಿನ ಮುಚ್ಚಳದಲ್ಲಿ ಗೆರೆಗಳಿರುತ್ತವೆ. ಅವು ಅಲಂಕಾರಕ್ಕಲ್ಲ. ಮುಚ್ಚಳ ತುಂಬಾ ಸುರಿಯುವುದು ಬಹಳ ಸಲ ಬೇಕಿರುವುದಕ್ಕಿಂತ ಜಾಸ್ತಿಯೇ. ಹೆಚ್ಚಾದದ್ದು ಪೂರ್ತಿ ಜಾಲಿಸಿ ಹೋಗದೆ ಬಟ್ಟೆಯಲ್ಲಿ ಉಳಿಯುತ್ತದೆ, ಹೊಸ ಕೊಳೆಯನ್ನು ಹಿಡಿಯುತ್ತದೆ. ನೀರು ಗಡಸಾಗಿದ್ದರೆ ಮಾತ್ರ ಸ್ವಲ್ಪ ಜಾಸ್ತಿ ಬೇಕು, ಯಾಕೆಂದರೆ ಅದರಲ್ಲಿರುವ ಕ್ಯಾಲ್ಸಿಯಂ ಸರ್ಫ್ಯಾಕ್ಟಂಟಿನ ಒಂದು ಪಾಲನ್ನು ಕಟ್ಟಿಹಾಕುತ್ತದೆ. ಕೈಯಲ್ಲಿ ಒಗೆಯುವವರು ಸಾಫ್ಟನರನ್ನು ಕೊನೆಯ ಬಕೆಟ್ ನೀರಿಗೆ ಹಾಕಿ ಕೆಲವು ನಿಮಿಷ ಬಿಟ್ಟು ಹಿಂಡಿದರಾಯಿತು. ಬಟ್ಟೆಯ ಮೇಲೆ ನೇರವಾಗಿ ಸುರಿದರೆ ಜಿಡ್ಡಿನ ಕಲೆ ಬೀಳುತ್ತದೆ. ದಿನಾ ಹಾಕುವ ಹತ್ತಿ ಅಂಗಿ, ಹಾಸಿಗೆ ಹೊದಿಕೆಗೆ ಸಾಫ್ಟನರ್ ಇಷ್ಟವಿದ್ದರೆ ಹಾಕಿ. ಟವೆಲ್, ಜಿಮ್ ಬಟ್ಟೆಗೆ ಬೇಡ. ಅವಕ್ಕೆ ಘಮ ಬೇಕೇ ಬೇಕು ಅನ್ನುವವರಿಗೆ ಮಣಿಗಳು ಪರವಾಗಿಲ್ಲ, ಲೇಪ ಬಿಡುವುದಿಲ್ಲ.

ಬಿಸಿ ನೀರು ಎಲ್ಲದಕ್ಕೂ ಬೇಡ. ಇವತ್ತಿನ ಎನ್‌ಜೈಮ್ ಡಿಟರ್ಜೆಂಟ್‌ಗಳು 30ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಚೆನ್ನಾಗಿ ಕೆಲಸ ಮಾಡುತ್ತವೆ. ರಕ್ತದ ಕಲೆಗೆ ತಣ್ಣೀರೇ ಬೇಕು, ಬಿಸಿ ತಗುಲಿದರೆ ಗಟ್ಟಿಯಾಗಿ ಕೂರುತ್ತದೆ. ಹತ್ತಿ ಟವೆಲ್, ಒಳಉಡುಪು, ಹಾಸಿಗೆ ಬಟ್ಟೆಗೆ ಆಗಾಗ 60 ಡಿಗ್ರಿ ಒಳ್ಳೆಯದು, ಧೂಳಿನ ನುಸಿಗಳೂ ಸಾಯುತ್ತವೆ.

ಒಂದು ಮಾತು ಮಾತ್ರ ಮರೆಯಬಾರದು. ಕ್ಲೋರಿನ್ ಬ್ಲೀಚ್ ಜೊತೆ ವಿನೆಗರ್ ಅಥವಾ ಬೇರೆ ಆಮ್ಲ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಅಮೋನಿಯಾ ಬೆರೆತರೆ ಕ್ಲೋರಮೀನ್, ಅದೂ ವಿಷವೇ. ಆನ್‌ಲೈನಿನಲ್ಲಿ ಸಿಗುವ ‘ಸೂಪರ್ ಮಿಕ್ಸ್’ಗಳನ್ನು ನೋಡಿ ಮಾಡುವವರಿಗೆ ಈ ಎಚ್ಚರ. ಪಾಡ್ ಮತ್ತು ಮಣಿಗಳು ಮಿಠಾಯಿಯಂತೆ ಕಾಣುವುದರಿಂದ ಚಿಕ್ಕ ಮಕ್ಕಳ ಕೈಗೆ ಸಿಗಬಾರದು.

ಬಟ್ಟೆ ನಿಜವಾಗಿ ಸ್ವಚ್ಛವಾಗಿದೆಯೋ, ಬರೀ ಘಮಘಮಿಸುತ್ತಿದೆಯೋ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಒಗೆದು ಒಣಗಿದ ಅಂಗಿಯ ಕಂಕುಳ ಭಾಗಕ್ಕೆ ಸ್ವಲ್ಪ ನೀರು ಚಿಮುಕಿಸಿ, ಆ ಬಟ್ಟೆ ತಡೆಯುವಷ್ಟು ಬಿಸಿಯಲ್ಲಿ ಇಸ್ತ್ರಿ ಆಡಿಸಿ, ಕೂಡಲೇ ಮೂಸಿ. ನೂಲಿನಲ್ಲಿ ಹಳೆಯ ಬೆವರಿನ ವಸ್ತುಗಳು ಉಳಿದಿದ್ದರೆ ಬಿಸಿಗೆ ಆವಿಯಾಗಿ ಹೊರಬರುತ್ತವೆ, ಎಷ್ಟು ಪರಿಮಳ ಹಾಕಿದ್ದರೂ ಮರೆಯಾಗುವುದಿಲ್ಲ. ಹಾಗೆ ಬಂದರೆ ಎನ್‌ಜೈಮ್ ಇರುವ ಡಿಟರ್ಜೆಂಟ್ ಬೆರೆಸಿದ ಉಗುರು ಬೆಚ್ಚಗಿನ ನೀರಿನಲ್ಲಿ ಅಂಗಿಯನ್ನು ಕೆಲವು ಗಂಟೆ ನೆನೆಹಾಕಿ, ಒಳಮೈ ಹೊರಗೆ ಮಾಡಿ ಒಗೆದು, ಸಾಫ್ಟನರ್ ಹಾಕದೆ, ಗಾಳಿ ಆಡುವ ಕಡೆ ಬೇಗ ಒಣಗಿಸಿ.